ಕಡಲಿನ ಬದು

ಸ್ಮರಣ ಸಂಚಿಕೆಗೊಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಪತ್ರ ಬರೆದಾಗ ಸಂತೋಷದ ಜೊತೆಗೆ ಸಂಕೋಚವೂ ಆಯಿತು. ಶಾಲೆಯ ಏಳಿಗೆಯನ್ನು ಕುರಿತು, ಪೂಜ್ಯರ ದೂರದೃಷ್ಟಿಯನ್ನು ಕುರಿತು ನನಗಿಂತ ಅಧಿಕಾರವಾಣಿಯಿಂದ ಬರೆಯಬಲ್ಲವರು ಅನೇಕರಿದ್ದಾರೆ. ನಾನು ಪ್ರಸಾದನಿಲಯದ ಅನ್ನ ಉಂಡು ಏಳು ವರ್ಷ ಓದಿದವನು. ಅನಂತರದ ಬದುಕಿನ ಬಹುಭಾಗವನ್ನು ಉಡುಪಿಯ ಸೀಮೆಯಲ್ಲಿ ಜೀವಶಾಸ್ತ್ರದ ಅಧ್ಯಾಪಕನಾಗಿ ಕಳೆದವನು. ಆದುದರಿಂದ ಬಯಲುಸೀಮೆಯವನೊಬ್ಬ ಕಡಲಿನ ವಿಷಯದಲ್ಲಿ ಮಾಡಿದ ಒಂದು ತಪ್ಪನ್ನೂ, ಅದು ತಪ್ಪೆಂದು ಅರಿಯಲು ಅವನಿಗೆ ಹಿಡಿದ ಕಾಲವನ್ನೂ ಕುರಿತು ನಾಲ್ಕು ಮಾತು ಬರೆಯುತ್ತೇನೆ. ಅಧ್ಯಾಪಕ ಬಂಧುಗಳು ಓದಿ ನಕ್ಕರೂ ಸರಿಯೆ.

ನಮ್ಮ ಶಾಲೆಯ ಭೂಗೋಳದ ಕೊಠಡಿಯ ಗೋಡೆಯ ಮೇಲೆ ಬಟ್ಟೆಯ ನಕ್ಷೆಯೊಂದು ತೂಗುತ್ತಿದ್ದುದು ನನ್ನ ಕಾಲದವರಿಗೆ ನೆನಪಿರಬಹುದು. ಅದರಲ್ಲಿ ನೆಲಕ್ಕೆ ಹಸಿರು, ಹಳದಿ, ಕಂದು ಎಂದು ಹಲವು ಬಣ್ಣಗಳು. ಕಡಲಿಗೆ ಮಾತ್ರ ಒಂದೇ ನೀಲಿ. ಕೆರೆ ತುಂಬಿದ ವರ್ಷವೇ ಹಬ್ಬವೆನಿಸುವ ಊರಿನಿಂದ ಬಂದ ನನಗೆ ಆ ನೀಲಿಯಲ್ಲಿ ಭೇದವಿರಬಹುದೆಂಬ ಯೋಚನೆಯೇ ಬರಲಿಲ್ಲ. ನೀರೆಂದರೆ ನೀರು. ಪದವಿ ಪಡೆದು, ಸ್ನಾತಕೋತ್ತರ ಪರೀಕ್ಷೆಯನ್ನೂ ಮುಗಿಸಿ 1979ರಲ್ಲಿ ಉಡುಪಿಯ ಸಮೀಪದ ಕಾಲೇಜೊಂದಕ್ಕೆ ಕೆಲಸಕ್ಕೆ ಬಂದಾಗಲೂ ಆ ಒಂದೇ ನೀಲಿ ನನ್ನ ತಲೆಯಲ್ಲಿ ಹಾಗೆಯೇ ಇತ್ತು.

1983ರ ಒಂದು ಕಿರುಪರೀಕ್ಷೆಯಲ್ಲಿ ನಾನೊಂದು ಪ್ರಶ್ನೆ ಕೇಳಿದ್ದೆ: ಸಸ್ಯಪ್ಲವಕಗಳೆಂದರೇನು, ಅವು ಕಡಲಿನಲ್ಲಿ ಎಲ್ಲಿ ಹೇರಳವಾಗಿರುತ್ತವೆ? ನೀರಿನಲ್ಲಿ ತೇಲುತ್ತ, ಬಿಸಿಲನ್ನುಂಡು ಬದುಕುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಸಸ್ಯಜೀವಿಗಳೆಂಬುದು ಮೊದಲ ಭಾಗಕ್ಕೆ ಉತ್ತರ. ಬೆಳಕು ತಲಪುವ ಮೇಲ್ಪದರದಲ್ಲಿ ಎಂಬುದು ಎರಡನೆಯದಕ್ಕೆ ಪುಸ್ತಕದ ಉತ್ತರ. ಎಲ್ಲರೂ ಹಾಗೆಯೇ ಬರೆದರು. ಕಾಪುವಿನಿಂದ ಬರುತ್ತಿದ್ದ ಒಬ್ಬ ಮೊಗವೀರ ಹುಡುಗ ಮಾತ್ರ ಬೇರೆ ಬರೆದಿದ್ದ. ಗೆರೆಯಲ್ಲಿ ಇರುತ್ತವೆ, ಎರಡು ನೀರು ಸೇರುವ ಕಡೆ ಗೆರೆ ಇರುತ್ತದೆ, ಅಲ್ಲಿ ನೀರು ದಪ್ಪಗಿದ್ದು ಬಲೆಗೆ ಲೋಳೆ ಹತ್ತುತ್ತದೆ, ಬೂತಾಯಿ ಅಲ್ಲಿಗೇ ಬರುತ್ತದೆ, ಇಷ್ಟೇ. ನಾನು ಅದರ ಮೇಲೆ ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಊಹೆ' ಎಂದು ಬರೆದು ಸೊನ್ನೆ ಕೊಟ್ಟೆ. ನೀರಿನಲ್ಲಿ ಗೆರೆ ಎಳೆದಂತೆ ಎಂಬ ಗಾದೆಯ ಮಾತನ್ನು ತರಗತಿಯಲ್ಲಿ ಆಡಿ, ಹುಡುಗರನ್ನು ನಗಿಸಿದ್ದೂ ಉಂಟು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಬೇಸಿಗೆಯ ರಜೆ ಮುಗಿದ ಮೇಲೆ ಹುಡುಗ ಕಾಲೇಜಿಗೆ ಬರಲಿಲ್ಲ. ನನ್ನ ಸೊನ್ನೆಯೇ ಅದಕ್ಕೆ ಕಾರಣವೆಂದು ಹೇಳಿದರೆ ನನ್ನ ಸೊನ್ನೆಗೆ ಅತಿಯಾದ ಬೆಲೆ ಕಟ್ಟಿದಂತಾದೀತು. ಆದರೆ ಮನಸ್ಸು ತಡೆಯಲಿಲ್ಲ. ಮಳೆಗಾಲ ಹಿಂದೆಬಿದ್ದ ಮೇಲೆ ಒಂದು ಭಾನುವಾರ ಕಾಪುವಿಗೆ ಹೋದೆ. ಅವನ ತಂದೆ ರಂಪಣಿಯವರು. ದಡದಿಂದ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ಹತ್ತಾರು ಜನ ಒಟ್ಟಾಗಿ ಎಳೆದು, ಬಂದದ್ದನ್ನು ಪಾಲು ಹಂಚಿಕೊಳ್ಳುತ್ತಿದ್ದ ಆ ದೊಡ್ಡ ಬಲೆಯ ಕಾಲ ಆಗಲೇ ಮುಗಿಯುತ್ತಿತ್ತು. 1975ರ ಸುಮಾರಿಗೆ ಈ ಕರಾವಳಿಗೆ ಬಂದ ಪರ್ಸೀನ್ ದೋಣಿಗಳು ಮೀನು ದಡಕ್ಕೆ ಬರುವ ಮೊದಲೇ ಅದನ್ನು ಸುತ್ತುವರಿಯುತ್ತಿದ್ದವು. ಮನೆಯಲ್ಲಿ ಸಾಲವಿತ್ತು, ಸಣ್ಣದೊಂದು ದೋಣಿ ಕೊಂಡಿದ್ದರು, ದೋಣಿಗೆ ಇನ್ನೊಂದು ಜೊತೆ ಕೈ ಬೇಕಾಗಿತ್ತು. ಇದಿಷ್ಟನ್ನು ಆ ಹಿರಿಯರು ಬೇಸರವಿಲ್ಲದೆ ಹೇಳಿದರು. ಉತ್ತರಪತ್ರಿಕೆಯ ಮಾತನ್ನು ನಾನೇ ಎತ್ತಿದೆ. ಅವರು ಮಗನ ಮುಖವನ್ನೊಮ್ಮೆ ನೋಡಿ, 'ಮೇಷ್ಟ್ರು ಗೆರೆ ನೋಡಿಲ್ಲವೋ?' ಎಂದು ಕೇಳಿದರು. ಹಂಗಿಸುವ ದನಿಯಲ್ಲ, ಊಟ ಆಗಿಲ್ಲವೋ ಎಂದು ಕೇಳುವ ದನಿ.

ಕಾಪುವಿನ ದೀಪಸ್ತಂಭ 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು. ಆ ಸಂಜೆ ನಾವು ಅದರ ಬುಡದ ಬಂಡೆಯ ಮೇಲೆ ನಿಂತು ನೋಡಿದೆವು. ದಡದ ಕಡೆಯ ನೀರು ಮಂದವಾದ ಹಸಿರು. ದೂರದ ನೀರು ನೀಲಿ. ನಡುವೆ, ಉತ್ತರದಿಂದ ದಕ್ಷಿಣಕ್ಕೆ, ಎಣ್ಣೆ ಹಚ್ಚಿದಂತೆ ನುಣುಪಾದ ಒಂದು ಪಟ್ಟೆ. ಅದರ ಉದ್ದಕ್ಕೂ ನೊರೆ, ಅದರ ಮೇಲೆ ಕೂಗುತ್ತ ಎರಗುವ ಕಡಲಹಕ್ಕಿಗಳು. ನಾಲ್ಕು ವರ್ಷ ಅದೇ ಕಡಲ ದಂಡೆಯಲ್ಲಿ ಸಂಜೆಯ ಗಾಳಿ ಸೇವನೆ ಮಾಡಿದ್ದ ನನಗೆ ಅದು ಕಂಡಿರಲೇ ಇಲ್ಲ.

ಮರುವಾರ ಅವರ ದೋಣಿಯಲ್ಲಿ ಹೋದೆ. ಹಿಟ್ಟಿನ ಗಿರಣಿಯಲ್ಲಿ ಜರಡಿಗೆ ಬಳಸುವ ಅತಿನಯವಾದ ಬಟ್ಟೆಯನ್ನು ಆಲಿಕೆಯ ಆಕಾರಕ್ಕೆ ಹೊಲಿಸಿ, ಬಾಯಿಗೆ ತಂತಿಯ ಬಳೆ, ತುದಿಗೆ ಸೀಸೆ ಕಟ್ಟಿಕೊಂಡಿದ್ದೆ. ಪ್ಲವಕಗಳನ್ನು ಹಿಡಿಯುವ ಬಲೆ ಎಂದರೆ ಅಷ್ಟೆ. ದೋಣಿಯ ಓಲಾಟಕ್ಕೆ ನನ್ನ ಹೊಟ್ಟೆ ತೊಳಸಿ ಬಂದುದನ್ನು ವಿಸ್ತರಿಸುವುದು ಬೇಡ. ಗೆರೆಯ ಈಚೆಗೆ ಒಂದು ಸೀಸೆ, ಗೆರೆಯ ಮೇಲೆ ಒಂದು, ಆಚೆಗೆ ಒಂದು. ಮೂರನ್ನೂ ತುಂಬಿ ಫಾರ್ಮಲಿನ್ ಹನಿಸಿ ತಂದೆ. ಗೆರೆಯ ಮೇಲೆ ತೆಂಗಿನ ಗರಿ, ಅಡಿಕೆ ಹಾಳೆ, ರಬ್ಬರ್ ಚಪ್ಪಲಿಯ ತುಂಡು, ಲೋಳೆಮೀನು ಎಲ್ಲವೂ ಸಾಲುಗಟ್ಟಿ ತೇಲುತ್ತಿದ್ದವು. ಅಲ್ಲಿ ಎಳೆದ ಬಲೆ ಅರ್ಧ ನಿಮಿಷದಲ್ಲಿ ಕಂದು ಲೋಳೆಯಿಂದ ಮುಚ್ಚಿಕೊಂಡು ನೀರನ್ನೇ ಸೋಸದಾಯಿತು. ಹುಡುಗ ಅದನ್ನು ಬೆರಳಿನಿಂದ ಒರಸಿ ನನಗೆ ತೋರಿಸಿದ. ಏನನ್ನೂ ಹೇಳಲಿಲ್ಲ.

ಆ ರಾತ್ರಿ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತೆ. ಈಚೆಗಿನ ಸೀಸೆಯಲ್ಲಿ ಡಯಾಟಮ್‌ಗಳದೇ ರಾಜ್ಯ. ಇವು ಮರಳಿನ ಮೂಲವಸ್ತುವಾದ ಸಿಲಿಕದಿಂದ ತಮಗೆ ಗಾಜಿನ ಕರಡಿಗೆಯನ್ನು ಕಟ್ಟಿಕೊಳ್ಳುವ ಜೀವಿಗಳು. ಮುಳ್ಳುಗಳನ್ನು ಒಂದಕ್ಕೊಂದು ತೊಡರಿಸಿಕೊಂಡು ಸರಪಳಿಯಾದ ಕೀಟೊಸೆರಸ್, ಜರಡಿಯ ತಟ್ಟೆಯಂತಹ ಕಾಸಿನೊಡಿಸ್ಕಸ್. ಆಚೆಗಿನ ಸೀಸೆಯಲ್ಲಿ ಸಂಖ್ಯೆ ಬಹಳ ಕಡಿಮೆ, ಜಾತಿಯೇ ಬೇರೆ: ಮೂರು ಕೊಂಬಿನ ಸೆರಾಷಿಯಮ್, ಇನ್ನು ಕೆಲವು. ಇವು ಚಾವಟಿಯಂತಹ ಎಳೆಗಳನ್ನು ಬೀಸಿ ಈಜಬಲ್ಲವು. ನಡುವಿನ ಸೀಸೆಯ ಒಂದು ಹನಿಯನ್ನು ಗಾಜಿನ ಮೇಲಿಟ್ಟಾಗ ಬೆಳಕೇ ಹಾಯದಷ್ಟು ದಟ್ಟಣೆ. ಅದರಲ್ಲಿ ಎರಡೂ ಕಡೆಯವರಿದ್ದರು. ಅವರನ್ನು ನುಂಗುವ ಕಠಿಣಚರ್ಮಿಗಳ ಮರಿಗಳೂ ಇದ್ದವು, ಜೊತೆಗೆ ಮೀನಿನ ಮೊಟ್ಟೆಗಳೂ ಇದ್ದವು.

ಅಷ್ಟಕ್ಕೆ ನನ್ನ ಅಭಿಮಾನ ಮುರಿಯಿತೆಂದುಕೊಂಡಿದ್ದೆ. ಇನ್ನೂ ಉಳಿದಿತ್ತು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಅಲ್ಲಿಯ ಗ್ರಂಥಾಲಯಕ್ಕೆ ಹೋಗಿ ಹಳೆಯ ಸಂಪುಟಗಳನ್ನು ತೆಗೆಸಿ ಓದಿದೆ. ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತದಲ್ಲಿದ್ದ ಕಾಲದಲ್ಲೇ, 1923ರ ಹೊತ್ತಿಗೆ, ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು ಎಂಬ ವಿದ್ವಾಂಸರು ಮಲಬಾರಿನ ಬೂತಾಯಿಯ ಜೀವನಕ್ರಮವನ್ನೂ ಅದು ಉಣ್ಣುವ ಪ್ಲವಕಗಳನ್ನೂ ಒಟ್ಟಿಗೆ ಬರೆದಿಟ್ಟಿದ್ದರು. 1955ರಲ್ಲಿ ನಾಯರ್ ಮತ್ತು ಸುಬ್ರಹ್ಮಣ್ಯನ್ ಎಂಬವರು ಫ್ರಾಜಿಲೇರಿಯ ಓಷಿಯಾನಿಕ ಎಂಬ ಒಂದು ಡಯಾಟಮ್ ಹೆಚ್ಚಿದಲ್ಲಿ ಬೂತಾಯಿಯೂ ಹೆಚ್ಚುತ್ತದೆ, ಅದನ್ನೇ ಮೀನಿನ ಸೂಚಕವಾಗಿ ಹಿಡಿಯಬಹುದು ಎಂದು ಪ್ರಕಟಿಸಿದ್ದರು. ಬೂತಾಯಿಯ ಕಿವಿರಿನಲ್ಲಿ ಬಾಚಣಿಗೆಯಂತಹ ಒತ್ತಾದ ಹಲ್ಲುಗಳಿವೆ. ಅವುಗಳಿಂದ ಅದು ಪ್ಲವಕಗಳನ್ನು ಸೋಸಿಕೊಂಡು ತಿನ್ನುತ್ತದೆ. ಅಂದರೆ, ಹುಡುಗ ಬರೆದ 'ಲೋಳೆ ಹತ್ತುತ್ತದೆ, ಬೂತಾಯಿ ಬರುತ್ತದೆ' ಎಂಬ ಮಾತಿಗೆ ಆಧಾರ ಅಚ್ಚಿನಲ್ಲಿ ಆಗಲೇ ಇತ್ತು. ನಾನು ಓದಿರಲಿಲ್ಲ.

ಈ ಗೆರೆಯನ್ನು ಶಾಸ್ತ್ರಜ್ಞರು ಫ್ರಂಟ್ ಎನ್ನುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ನಾರ್ವೆಯ ಬರ್ಗೆನ್ ನಗರದ ಹವಾಮಾನ ಪಂಡಿತರು ಬಿಸಿಗಾಳಿ ತಂಪುಗಾಳಿಗಳು ಎದುರಾಗುವ ಎಡೆಗೆ ರಣರಂಗದ ಮುಂಚೂಣಿಯ ಹೆಸರನ್ನು ಇಟ್ಟರು. ಕಡಲಿಗೂ ಅದೇ ಬಂತು. ಜಪಾನೀಯರು ತಮ್ಮ ಕಡಲಿನಲ್ಲಿ ಬಿಸಿಯ ಕುರೋಶಿಯೋ ಮತ್ತು ತಣ್ಣನೆಯ ಓಯಾಶಿಯೋ ಪ್ರವಾಹಗಳ ನಡುವೆ ಕಾಣುವಂಥ ಗೆರೆಯನ್ನು ಶಿಯೋಮೆ ಎಂದು ಕರೆಯುತ್ತಾರೆ. ನನಗಂತೂ ಯುದ್ಧದ ಮಾತು ಹಿಡಿಸಲಿಲ್ಲ. ನಮ್ಮ ಹೊಲಗಳ ಬದು ನೆನಪಾಯಿತು. ಎರಡು ಹೊಲದ ಬೆಳೆಯೂ ಒಣಗಿದ ವರ್ಷದಲ್ಲಿ ಬದುವಿನ ಮೇಲಿನ ಹುಲ್ಲು ಮಾತ್ರ ಹಸಿರಾಗಿರುವುದನ್ನು ನಮ್ಮೂರ ದನಗಾಹಿ ಹುಡುಗರೆಲ್ಲ ಬಲ್ಲರು. ಹರಿದು ಬಂದ ನೀರು ಅಲ್ಲಿ ತಡೆದು ನಿಲ್ಲುತ್ತದೆ, ಕೊಚ್ಚಿ ಬಂದ ಗೊಬ್ಬರದ ಮಣ್ಣು ಅಲ್ಲಿ ಕೂರುತ್ತದೆ. ಕಡಲಿನ ಬದುವೂ ಹೆಚ್ಚು ಕಡಿಮೆ ಹಾಗೆಯೇ. ಎರಡು ನೀರುಗಳು ಎದುರುಬದುರಾಗಿ ಬಂದು ಸೇರುವಲ್ಲಿ ಭಾರವಾದ ನೀರು ಹಗುರವಾದುದರ ಅಡಿಗೆ ಜಾರುತ್ತದೆ. ತೇಲುವುದೆಲ್ಲ ಮೇಲೆ ಉಳಿದು ಗೆರೆಯಾಗುತ್ತದೆ. ಅದೇ ಇಳಿಜಾರಿನಲ್ಲಿ ಆಳದ ಪೋಷಕಾಂಶಗಳು ಬೆಳಕಿನ ಕಡೆಗೆ ಏರಿ ಬರುತ್ತವೆ. ಗೊಬ್ಬರವೂ ಬಿಸಿಲೂ ಒಂದೆಡೆ ಸಿಕ್ಕುವುದು ಕಡಲಿನಲ್ಲಿ ಅಪರೂಪ: ಮೇಲೆ ಬಿಸಿಲುಂಟು, ಗೊಬ್ಬರ ಬೇಗ ಮುಗಿಯುತ್ತದೆ, ಕೆಳಗೆ ಗೊಬ್ಬರವುಂಟು, ಕತ್ತಲೆ.

ನಮ್ಮ ಕಡಲಿನಲ್ಲಿ ಈ ಬದುಗಳನ್ನು ಹಾಕುವವರು ಇಬ್ಬರು. ಒಂದು, ಆಳದ ನೀರು. ಮುಂಗಾರು ಹಿಡಿದ ಮೇಲೆ ದಂಡೆಯ ಪ್ರವಾಹ ದಕ್ಷಿಣಕ್ಕೆ ಹರಿಯತೊಡಗಿ, ಮೇಲ್ನೀರು ದಡದಿಂದ ದೂರ ಸರಿಯುತ್ತದೆ; ಅದರ ಜಾಗಕ್ಕೆ ತಣ್ಣನೆಯ ನೀರು ಕೆಳಗಿನಿಂದ ಮೆಲ್ಲಗೆ ಏರುತ್ತದೆ. ಕೇರಳದ ದಕ್ಷಿಣ ತುದಿಯಲ್ಲಿ ಮೊದಲು ಆರಂಭವಾಗಿ ಉತ್ತರಕ್ಕೆ ಹಬ್ಬುವ ಈ ಮೇಲೇರಿಕೆ ನಮ್ಮ ಉಡುಪಿಯ ಕಡಲಿಗೆ ಬರುವಾಗ ಸ್ವಲ್ಪ ಬಲಗುಂದಿರುತ್ತದೆ. ಈ ನೀರಿನಲ್ಲಿ ಪೋಷಕಾಂಶ ಹೆಚ್ಚು, ಪ್ರಾಣವಾಯು ಕಡಿಮೆ. ಅದು ಅತಿಯಾದರೆ ತಳದ ಮೀನುಗಳಿಗೆ ಉಸಿರುಗಟ್ಟುತ್ತದೆ.

ಎರಡನೆಯವರು ನಮ್ಮ ಹೊಳೆಗಳು. ಈಗ ನಾನು ಮಣಿಪಾಲದಲ್ಲಿ ನೆಲೆಸಿದ್ದೇನೆ. ಆಷಾಢದಲ್ಲಿ ಮಳೆ ತುಸು ಬಿಟ್ಟಾಗ ಎಂಡ್ ಪಾಯಿಂಟಿಗೆ ನಡೆದು ಹೋಗಿ ಕೆಳಗಿನ ಸ್ವರ್ಣಾ ನದಿಯನ್ನು ನೋಡುವುದು ನನ್ನ ನಿವೃತ್ತಿಯ ಸುಖಗಳಲ್ಲೊಂದು. ಪಶ್ಚಿಮಘಟ್ಟದಿಂದ ಇಳಿದು, ಕಾರ್ಕಳ ತಾಲೂಕನ್ನು ಹಾದು ಬರುವ ಈ ಹೊಳೆ ಬೇಸಿಗೆಯಲ್ಲಿ ಉಡುಪಿ ಮಣಿಪಾಲಗಳಿಗೆ ಬಜೆ ಅಣೆಕಟ್ಟಿನಿಂದ ಕುಡಿಯುವ ನೀರು ಕೊಡುತ್ತದೆ; ಮಳೆಗಾಲದಲ್ಲಿ ಕೆಂಪಗೆ ತುಂಬಿ ಹರಿದು, ಕೋಡಿಬೆಂಗ್ರೆಯ ಬಳಿ ಸೀತಾನದಿಯನ್ನು ಕೂಡಿಕೊಂಡು ಕಡಲು ಸೇರುತ್ತದೆ. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಬೀಳುವ ಸೀಮೆಯ ನೀರು ಅದು. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೆಳುವಾದ ಹೊದಿಕೆಯಂತೆ ಹರಡುತ್ತದೆ, ಅದರ ಅಂಚೇ ಒಂದು ಬದು. ಈ ಹೊಳೆ ತರುವ ಸಂಪತ್ತಿನಲ್ಲಿ ಮುಖ್ಯವಾದುದು ಕರಗಿದ ಸಿಲಿಕ. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ ಗೊಮ್ಮಟನ ವಿಗ್ರಹವನ್ನು ನಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಆ ಸೀಮೆಯ ಹೆಬ್ಬಂಡೆಗಳು ಮಳೆಗೆ, ಬೇರಿಗೆ, ಬಿಸಿಲಿಗೆ ಸವೆದು ಕೊಟ್ಟ ಸಿಲಿಕವೂ ಕಡಲಿನ ಡಯಾಟಮ್‌ಗಳ ಗಾಜಿನ ಕರಡಿಗೆಯಾಗುತ್ತದೆ. ಕಾರ್ಕಳದ ಕಲ್ಲು ಕಾಪುವಿನ ಬೂತಾಯಿಯ ಅನ್ನಕ್ಕೆ ಒದಗುವ ದಾರಿ ಇದು. ಇದನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಮೈ ಪುಳಕಗೊಳ್ಳುತ್ತಿತ್ತು.

ಯಾವ ನೀರಿನಲ್ಲಿ ಯಾರು ಬಾಳುತ್ತಾರೆ ಎಂಬುದಕ್ಕೆ ಸ್ಪೇನಿನ ರಾಮೋನ್ ಮಾರ್ಗಲೆಫ್ ಎಂಬ ವಿಜ್ಞಾನಿ 1978ರಲ್ಲಿ ಸರಳವಾದ ಒಂದು ಲೆಕ್ಕ ಕೊಟ್ಟರು. ನೀರು ಕದಡಿ ಪೋಷಕಾಂಶ ತುಂಬಿರುವಲ್ಲಿ ಬೇಗ ಬೇಗ ಇಬ್ಭಾಗವಾಗಿ ಬೆಳೆಯುವ ಡಯಾಟಮ್‌ಗಳಿಗೆ ಮೇಲುಗೈ. ಅವಕ್ಕೆ ಈಜು ಬಾರದು, ಕದಡುವ ನೀರೇ ಅವನ್ನು ಮುಳುಗದಂತೆ ಎತ್ತಿ ಹಿಡಿಯಬೇಕು. ನೀರು ತಿಳಿಯಾಗಿ ಪದರಗಟ್ಟಿ, ಗೊಬ್ಬರ ತೀರಿದಲ್ಲಿ ಈಜಬಲ್ಲ ನಿಧಾನಿಗಳಿಗೆ ಮೇಲುಗೈ. ಇವೆರಡೂ ಸ್ಥಿತಿಗಳು ಬದುವಿನ ಎರಡು ಮಗ್ಗುಲಲ್ಲಿ ಕೆಲವೇ ಮಾರುಗಳ ಅಂತರದಲ್ಲಿ ಇರುತ್ತವೆ. ನನ್ನ ಮೂರು ಸೀಸೆಗಳ ಅರ್ಥ ಅದು.

ಆದರೆ ಇಲ್ಲಿಯೂ ನಾನು ಪೂರ್ತಿ ಕಂಡಿರಲಿಲ್ಲ. ನೀಲಿ ನೀರಿನ ಸೀಸೆಯನ್ನು ಆ ದಿನ 'ಬಹುತೇಕ ಬರಿದು' ಎಂದು ಟಿಪ್ಪಣಿ ಬರೆದಿದ್ದೆ. 1988ರಲ್ಲಿ ಪ್ರೊಕ್ಲೊರೊಕಾಕಸ್ ಎಂಬ ಅಣುಜೀವಿಯ ವಿಷಯ ಪ್ರಕಟವಾಯಿತು. ಅದರ ಅಡ್ಡಳತೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಬೆಚ್ಚಗಿನ, ಬಡವಾದ, ನೀಲಿ ನೀರಿನ ನಿಜವಾದ ಒಕ್ಕಲು ಅದೇ. ನನ್ನ ಜರಡಿ ಬಟ್ಟೆಯ ಕಣ್ಣುಗಳಿಂದ ಅದು ಲಕ್ಷಗಟ್ಟಲೆ ನುಸುಳಿ ಹೋಗಿರಬೇಕು. ಹುಡುಗನ ಉತ್ತರಕ್ಕೆ ಸೊನ್ನೆ ಕೊಟ್ಟವನು ಕಡಲಿಗೂ ಒಮ್ಮೆ ಸೊನ್ನೆ ಕೊಟ್ಟಿದ್ದ!

ಈಗ ಗೆರೆಯನ್ನು ಉಪಗ್ರಹಗಳು ನೋಡುತ್ತವೆ. ನೀರಿನ ಮೈಯ ಬಿಸಿಯನ್ನೂ, ಪ್ಲವಕಗಳ ಪತ್ರಹರಿತ್ತಿನಿಂದ ಬದಲಾಗುವ ಅದರ ಬಣ್ಣವನ್ನೂ ಅಳೆದು, ಎಲ್ಲಿ ಬಿಸಿಯೂ ಬಣ್ಣವೂ ಒಮ್ಮೆಗೇ ಬದಲಾಗುತ್ತವೆಯೋ ಅಲ್ಲಿ ಮೀನು ಸಿಕ್ಕಬಹುದೆಂದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನುಗಾರರಿಗೆ ತಿಳಿಸುತ್ತದೆ. 1999ರಲ್ಲಿ ಆ ಸಂಸ್ಥೆ ಸ್ಥಾಪಿತವಾಯಿತು; ಅದೇ ವರ್ಷ ಮೇ ತಿಂಗಳಿನಲ್ಲಿ ನಮ್ಮ ದೇಶದ ಮೊದಲ ಓಷನ್‌ಸ್ಯಾಟ್ ಹಾರಿತು. ಇದು ದೊಡ್ಡ ಉಪಕಾರ. ದೋಣಿಗಳ ಡೀಸೆಲ್ ಉಳಿಯುತ್ತದೆ, ಅಲೆದಾಟ ತಪ್ಪುತ್ತದೆ. ಆದರೆ ಬದುಗಳು ಹುಟ್ಟಿ ಬೆಳೆಯುವ ಮುಂಗಾರಿನಲ್ಲೇ ಆಕಾಶವನ್ನು ಮೋಡ ಮುಚ್ಚಿರುತ್ತದೆ. ಜೂನ್ ಜುಲೈ ಯಾಂತ್ರಿಕ ದೋಣಿಗಳಿಗೆ ನಿಷೇಧದ ಕಾಲವೂ ಹೌದು. ಕಡಲಿಗೆ ಅಷ್ಟು ದಿನ ಏಕಾಂತ.

ನನ್ನ ವಿದ್ಯಾರ್ಥಿ ಈಗ ಅರುವತ್ತರ ಸಮೀಪದವನು. ಮಲ್ಪೆಯಲ್ಲಿ ಅವನಿಗೆ ದೋಣಿಯಲ್ಲಿ ಪಾಲಿದೆ, ಜೇಬಿನಲ್ಲಿ ಆ ಸೂಚನೆಗಳು ಬರುವ ಮೊಬೈಲ್ ಇದೆ. ಅದರ ಉಪಯೋಗವನ್ನು ಕೇಳಿದಾಗ ಅವನು ಹೇಳಿದ್ದು: 'ಒಳ್ಳೆಯದೇ ಸರ್. ಆದರೆ ಅದು ಹೇಳುವುದು ನಿನ್ನೆಯ ಗೆರೆ. ಮತ್ತೆ, ಗೆರೆ ಎಲ್ಲರಿಗೂ ಗೊತ್ತಾದರೆ ಎಲ್ಲರೂ ಅಲ್ಲಿಗೇ ಬರುತ್ತಾರೆ.' ಎರಡನೆಯ ಮಾತನ್ನು ಅವನು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದ. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ನು ಹಿಡಿದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತೆಂಬ ಲೆಕ್ಕ ನಮ್ಮ ಕಡಲಿನವರ ಬಾಯಲ್ಲೂ ಇದೆ. ಕಡಲಿನ ಬಿಸಿ, ಎಲ್ ನಿನೋ, ಮರಿಮೀನುಗಳನ್ನೂ ಬಿಡದೆ ಹಿಡಿದದ್ದು, ಹೀಗೆ ಕಾರಣಗಳನ್ನು ಪಂಡಿತರು ಚರ್ಚಿಸುತ್ತಾರೆ. ಅನಂತರದ ವರ್ಷಗಳಲ್ಲಿ ಬೂತಾಯಿ ಚೇತರಿಸಿಕೊಂಡಿದೆ. ಆ ಬರದ ವರ್ಷಗಳಲ್ಲಿ ಗೆರೆ ಇರುತ್ತಿತ್ತು, ಲೋಳೆಯೂ ಇರುತ್ತಿತ್ತು, ಮೀನು ಮಾತ್ರ ಇರುತ್ತಿರಲಿಲ್ಲ ಎಂದು ಅವನು ನೆನಪಿಸಿಕೊಂಡ. ಅದೇಕೆಂದು ನನ್ನನ್ನೇ ಕೇಳಿದ. ನಾನು ಸುತ್ತಿ ಬಳಸಿ ಏನೋ ಹೇಳಿದೆ. ಪರೀಕ್ಷೆಯಲ್ಲಾದರೆ ಅದಕ್ಕೆ ಎರಡಂಕ ಸಿಕ್ಕುತ್ತಿತ್ತೇನೊ.

2020ರ ನವೆಂಬರಿನಲ್ಲಿ ಮಲ್ಪೆ, ಪಡುಕೆರೆ, ಮಟ್ಟುವಿನ ದಂಡೆಗಳಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದಾಗ ಜನ ಜಾತ್ರೆಯಂತೆ ಸೇರಿದ್ದರು. ನೊಕ್ಟಿಲ್ಯೂಕ ಎಂಬ ಪ್ಲವಕದ ಬೆಳಕು ಅದು. ಡಯಾಟಮ್‌ಗಳನ್ನು ನುಂಗಿ ಕೊಬ್ಬುವ ಜೀವಿ. ನಾನೂ ಹೋಗಿದ್ದೆ. ಕತ್ತಲೆಯಲ್ಲಿ ಯಾರೋ ಹಿಂದಿನಿಂದ 'ಸರ್' ಎಂದರು. ಅವನೇ, ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದ. ಅಂದು ಮೊದಲ ಬಾರಿಗೆ 1983ರ ಸೊನ್ನೆಯ ಮಾತನ್ನೆತ್ತಿ ಕ್ಷಮೆ ಕೇಳಿದೆ. ಅವನಿಗೆ ಅದು ನೆನಪಿರಲಿಲ್ಲ. ತರಗತಿ ನಕ್ಕದ್ದು ಮಾತ್ರ ನೆನಪಿದೆ ಎಂದ.

ನಮ್ಮ ಶಾಲೆಯ ಪ್ರಯೋಗಶಾಲೆಗೆ ಈ ವರ್ಷ ನಾನೊಂದು ಸೂಕ್ಷ್ಮದರ್ಶಕವನ್ನು ಕಳುಹಿಸುತ್ತಿದ್ದೇನೆ. ಅದರ ಪೆಟ್ಟಿಗೆಯಲ್ಲಿ, ಹತ್ತಿಯಲ್ಲಿ ಸುತ್ತಿ, ಮೂರು ಸ್ಲೈಡುಗಳಿವೆ. ಕಳೆದ ಅಕ್ಟೋಬರಿನಲ್ಲಿ ಅವನ ದೋಣಿಯಲ್ಲಿ ಹೋಗಿ ತಂದ ನೀರಿನಿಂದ ಮಾಡಿದವು. ಒಂದರ ಮೇಲೆ 'ಒಳನೀರು', ಇನ್ನೊಂದರ ಮೇಲೆ 'ಹೊರನೀರು' ಎಂದು ನಾನು ಬರೆದಿದ್ದೇನೆ. ಎರಡನೆಯದು ಬರಿದಾಗಿ ಕಂಡರೆ ಮಕ್ಕಳಿಗೆ ಬರಿದೆಂದು ಹೇಳಬಾರದಾಗಿ ಅಧ್ಯಾಪಕರಲ್ಲಿ ವಿನಂತಿ. ನಡುವಿನದರ ಚೀಟಿಯಲ್ಲಿ 'ಗೆರೆ' ಎಂದಿದೆ, ಅಕ್ಷರ ಅವನದು.